ವಿಷ ಇಳಿದ ಮೇಲೆ ಮನಸ್ಸಿನ ತಪಾಸಣೆ

ಬೆಳೆಗೆ ಸಿಂಪಡಿಸಲು ತಂದಿಟ್ಟ ಔಷಧವನ್ನು ಮನೆಯವರೊಬ್ಬರು ಕುಡಿದರೆಂಬ ಸುದ್ದಿ ನಮ್ಮ ಹಳ್ಳಿಗಳಲ್ಲಿ ಅಪರೂಪವೇನಲ್ಲ. ನೆರೆಹೊರೆಯವರು ಸೇರಿ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಸಾಗಿಸುತ್ತಾರೆ. ವೈದ್ಯರೂ ದಾದಿಯರೂ ಹಗಲಿರುಳು ದುಡಿದು ಜೀವ ಉಳಿಸುತ್ತಾರೆ. ಕೆಲವು ದಿನಗಳಲ್ಲಿ ರೋಗಿ ಎದ್ದು ಕುಳಿತು ಗಂಜಿ ಕುಡಿಯುತ್ತಾನೆ. ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ‘ಇನ್ನು ಕರಕೊಂಡು ಹೋಗ್ತೀವಿ ಡಾಕ್ಟ್ರೇ, ಮನೇಲಿ ದನಕರು ನೋಡೋರಿಲ್ಲ’ ಎಂದು ಚೀಟಿ ಕೇಳುತ್ತಾರೆ. ‘ಮನಸ್ಸಿನ ವೈದ್ಯರು ಒಮ್ಮೆ ನೋಡಬೇಕು, ಅಲ್ಲಿಯವರೆಗೆ ಇರಿ’ ಎಂದು ವೈದ್ಯರು ಹೇಳಿದರೆ ‘ನಮ್ಮವನಿಗೇನು ಹುಚ್ಚೇ?’ ಎಂದು ಬೇಸರಪಡುವವರೂ ಉಂಟು.

ಆ ಒಂದು ತಪಾಸಣೆ ಏಕೆ ಬೇಕು, ಅದರಲ್ಲಿ ಏನು ಮಾಡುತ್ತಾರೆ, ಮನೆಯವರ ಪಾತ್ರವೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ 11,290 ಮಂದಿ ಬೇಸಾಯಗಾರರು ಮತ್ತು ಕೃಷಿ ಕೂಲಿಕಾರರು. ಕೀಟನಾಶಕ, ಕಳೆನಾಶಕಗಳು ನಮ್ಮ ಮನೆಗಳಲ್ಲಿ ಕೈಗೆಟುಕುವಂತೆ ಇರುವುದರಿಂದ ಇದು ಬೇಸಾಯಗಾರ ಕುಟುಂಬಗಳು ತಿಳಿದಿರಲೇಬೇಕಾದ ವಿಷಯ.

ಆಸ್ಪತ್ರೆ ಮುಟ್ಟುವ ಮುನ್ನ

ಮೊದಲು 108ಕ್ಕೆ ಕರೆ ಮಾಡಿ. ವಾಂತಿ ಮಾಡಿಸುವ ಆಸೆಯಿಂದ ಉಪ್ಪುನೀರು, ಹುಣಿಸೇನೀರು, ಸೋಪಿನ ನೀರು ಕುಡಿಸಬಾರದು. ಪ್ರಜ್ಞೆ ಮಂದವಾದವರಿಗೆ ಹೀಗೆ ಮಾಡಿದರೆ ವಾಂತಿಯು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಅಪಾಯ. ಔಷಧ ಬಿದ್ದ ಬಟ್ಟೆ ತೆಗೆದು ಮೈಯನ್ನು ಸೋಪು ನೀರಿನಿಂದ ತೊಳೆಯಿರಿ. ತೊಳೆಯುವವರು ಕೈಗವಸು ಹಾಕಿಕೊಳ್ಳುವುದು ಒಳ್ಳೆಯದು. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ ಸಾಗಿಸಿ. ಔಷಧದ ಡಬ್ಬಿಯನ್ನು ಅದರ ಚೀಟಿ ಸಮೇತ ಜೊತೆಗೆ ಒಯ್ಯಿರಿ. ಡಬ್ಬಿಯ ಚೀಟಿಯಲ್ಲಿ ಔಷಧದ ಹೆಸರೂ ಪ್ರತಿವಿಷದ ವಿವರವೂ ಇರುವುದರಿಂದ ವೈದ್ಯರಿಗೆ ಅಮೂಲ್ಯ ಸಮಯ ಉಳಿಯುತ್ತದೆ.

ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮೊದಲು ಚಿಕಿತ್ಸೆ, ಪೊಲೀಸ್ ಕಾಗದಪತ್ರ ಆಮೇಲೆ ಎಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲೇ ತೀರ್ಪಿತ್ತಿದೆ. ಸರ್ಕಾರಿ ಆಸ್ಪತ್ರೆಯಾಗಲಿ, ಖಾಸಗಿ ಆಸ್ಪತ್ರೆಯಾಗಲಿ ಇದು ಅನ್ವಯಿಸುತ್ತದೆ.

ಮೊದಲು ಪ್ರಾಣ, ಆಮೇಲೆ ಮಾತು

ತುರ್ತು ಚಿಕಿತ್ಸಾ ವಿಭಾಗದಲ್ಲಿ ಮೊದಲು ನೋಡುವುದು ಉಸಿರು, ನಾಡಿ, ರಕ್ತದೊತ್ತಡ ಮತ್ತು ಪ್ರಜ್ಞೆ. ನಾವು ಹೆಚ್ಚಾಗಿ ಬಳಸುವ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ನರಗಳ ಕೆಲಸಕ್ಕೆ ಬೇಕಾದ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತವೆ. ಬಾಯಲ್ಲಿ ಜೊಲ್ಲು, ಎದೆಯಲ್ಲಿ ಕಫ, ಮೈತುಂಬ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು ಇದರ ಲಕ್ಷಣಗಳು. ಇದಕ್ಕೆ ಅಟ್ರೋಪಿನ್ ಚುಚ್ಚುಮದ್ದು ಕೊಡುತ್ತಾರೆ. ಅಗತ್ಯವಾದರೆ ಕೃತಕ ಉಸಿರಾಟದ ಯಂತ್ರಕ್ಕೆ ಹಾಕುತ್ತಾರೆ.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಮೊದಲನೆಯದಾಗಿ, ರೋಗಿ ಚೇತರಿಸಿಕೊಂಡಂತೆ ಕಂಡ ಮೇಲೂ ಒಂದರಿಂದ ನಾಲ್ಕು ದಿನದೊಳಗೆ ಉಸಿರಾಟದ ಸ್ನಾಯುಗಳು ಸೋಲುವ ಸಂಭವವುಂಟು. ಇನ್ನು ಕೆಲವು ವಿಷಗಳು ಮೊದಲ ದಿನ ಏನೂ ಆಗಿಲ್ಲವೆಂಬಂತೆ ಇದ್ದು ಆಮೇಲೆ ಒಳಗಿನ ಅಂಗಗಳನ್ನು ಕೆಡಿಸುತ್ತವೆ. ಆದ್ದರಿಂದ ‘ಚೆನ್ನಾಗಿಯೇ ಇದ್ದಾನಲ್ಲ’ ಎಂದು ಅವಸರದಿಂದ ಬಿಡಿಸಿಕೊಂಡು ಹೋಗಬಾರದು. ಎರಡನೆಯದಾಗಿ, ಅಟ್ರೋಪಿನ್ ಹೆಚ್ಚಿದಾಗ ರೋಗಿ ಬಡಬಡಿಸುತ್ತಾನೆ, ಗಾಳಿಯಲ್ಲಿ ಕೈಯಾಡಿಸುತ್ತಾನೆ, ಹಾಸಿಗೆ ಬಿಟ್ಟು ಏಳಲು ಹೋಗುತ್ತಾನೆ. ಇದು ಔಷಧದ ಅಮಲು, ಹುಚ್ಚಲ್ಲ. ಔಷಧದ ಪ್ರಮಾಣ ತಗ್ಗಿಸಿದಂತೆ ಇಳಿಯುತ್ತದೆ.

ಈ ಕಾರಣದಿಂದಲೇ ಮನಸ್ಸಿನ ತಪಾಸಣೆಯನ್ನು ಪ್ರಜ್ಞೆ ತಿಳಿಯಾದ ಮೇಲೆ ಮಾಡುತ್ತಾರೆ. ಮದ್ಯ ಕುಡಿದು ಬಂದವರಿದ್ದರೆ ಅಮಲು ಇಳಿಯುವವರೆಗೆ ಕಾಯುತ್ತಾರೆ. ಅಮಲಿನಲ್ಲಿ ಆಡಿದ ಮಾತನ್ನೇ ನೆಚ್ಚಿ ತೀರ್ಮಾನಿಸುವಂತಿಲ್ಲ, ಹಾಗೆಂದು ಅದನ್ನು ತಳ್ಳಿಹಾಕುವಂತೆಯೂ ಇಲ್ಲ. ಕಾಯುವ ಈ ವೇಳೆಯಲ್ಲಿ ರೋಗಿಯನ್ನು ಒಂಟಿಯಾಗಿ ಬಿಡಬಾರದು. ಮನೆಯವರು ಒಬ್ಬರಾದ ಮೇಲೊಬ್ಬರು ಸರದಿಯಂತೆ ಬಳಿಯಲ್ಲಿರಬೇಕು. ಬಚ್ಚಲಿಗೆ ಹೋಗುವಾಗಲೂ ಒಬ್ಬರು ಬಾಗಿಲ ಬಳಿ ಇರಬೇಕು.

ತಪಾಸಣೆ ಏಕೆ?

ಗಿಡ ಸೊರಗಿದಾಗ ನೀರು ಹಾಯಿಸಿದರೆ ಒಂದೆರಡು ದಿನ ಹಸಿರಾಗಿ ಕಾಣಬಹುದು. ಬೇರಿನಲ್ಲಿ ಹುಳು ಇದ್ದರೆ ಮತ್ತೆ ಸೊರಗುವುದು ಖಂಡಿತ. ವಿಷ ಇಳಿಸುವುದು ನೀರು ಹಾಯಿಸಿದಂತೆ. ಆ ಗಳಿಗೆಗೆ ಅದೇ ಮುಖ್ಯ. ಆದರೆ ಸಾಯಬೇಕೆನ್ನಿಸಿದ ಕಾರಣ ಹಾಗೆಯೇ ಉಳಿದಿದ್ದರೆ ರೋಗಿ ಅದೇ ಮನೆಗೆ, ಅದೇ ಸಂಕಟಕ್ಕೆ ಮರಳುತ್ತಾನೆ.

ಹಿಂದೊಮ್ಮೆ ಆತ್ಮಹತ್ಯೆಗೆ ಯತ್ನಿಸಿದವರಲ್ಲಿ ಮತ್ತೆ ಯತ್ನಿಸುವ ಅಪಾಯ ಇತರರಿಗಿಂತ ಹೆಚ್ಚು. ಅದರಲ್ಲೂ ಆಸ್ಪತ್ರೆಯಿಂದ ಮನೆಗೆ ಮರಳಿದ ಮೊದಲ ಕೆಲವು ವಾರ ಮತ್ತು ತಿಂಗಳುಗಳು ಸೂಕ್ಷ್ಮವಾದವು. ಇದನ್ನು ಕೇಳಿ ಎದೆಗುಂದಬೇಕಾಗಿಲ್ಲ. ಹೀಗೆ ಬದುಕುಳಿದವರಲ್ಲಿ ಬಹುಪಾಲು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಸೂಕ್ಷ್ಮವಾದ ಆ ಕಾಲವನ್ನು ದಾಟಿಸುವುದೇ ತಪಾಸಣೆಯ ಉದ್ದೇಶ.

ವೈದ್ಯರು ಏನು ಕೇಳುತ್ತಾರೆ?

ಪಕ್ಕದ ಹಾಸಿಗೆಯವರಿಗೆ ಕೇಳಿಸದಂತೆ, ಆದಷ್ಟು ಮರೆಯಾದ ಸ್ಥಳದಲ್ಲಿ ಕೂರಿಸಿಕೊಂಡು ಮಾತನಾಡುತ್ತಾರೆ. ‘ಏಕೆ ಮಾಡಿಕೊಂಡಿರಿ?’ ಎಂದು ಗದರಿಸುವ ಪದ್ಧತಿ ಸರಿಯಲ್ಲ. ‘ಯಜಮಾನರೇ, ಹಿಂದಿನ ದಿನ ಬೆಳಗಿನಿಂದ ಏನೇನಾಯಿತು, ನಿಧಾನವಾಗಿ ಹೇಳಿ’ ಎಂದು ಆರಂಭಿಸಿದರೆ ಮಾತು ತಾನಾಗಿ ಬರುತ್ತದೆ. ಆಮೇಲೆ ವೈದ್ಯರು ಈ ಕೆಳಗಿನ ವಿಷಯಗಳನ್ನು ತಿಳಿದುಕೊಳ್ಳುತ್ತಾರೆ.

1. ನಡೆದ ಘಟನೆ: ಆ ಕ್ಷಣದ ಸಿಟ್ಟಿನಲ್ಲಿ ಮಾಡಿದ್ದೋ, ಹಲವು ದಿನಗಳಿಂದ ಯೋಚಿಸಿದ್ದೋ? ಯಾರೂ ಇಲ್ಲದ ವೇಳೆ ನೋಡಿ ಮಾಡಿದ್ದೋ? ಯಾರಿಗಾದರೂ ಹೇಳಿದ್ದರೇ, ಕಾಗದ ಬರೆದಿಟ್ಟಿದ್ದರೇ, ಲೆಕ್ಕಪತ್ರ ಒಪ್ಪಿಸಿದ್ದರೇ? ಇವುಗಳಿಂದ ಸಾಯುವ ಉದ್ದೇಶ ಎಷ್ಟು ಗಟ್ಟಿಯಾಗಿತ್ತೆಂಬುದು ತಿಳಿಯುತ್ತದೆ.

2. ಈಗಿನ ಮನಸ್ಸು: ಬದುಕಿದ್ದಕ್ಕೆ ಸಮಾಧಾನವಿದೆಯೋ, ಬದುಕಿಸಿಬಿಟ್ಟರಲ್ಲ ಎಂಬ ಬೇಸರವೋ? ಸಾಯುವ ಯೋಚನೆ ಈಗಲೂ ಬರುತ್ತಿದೆಯೇ? ಮನೆಗೆ ಹೋದ ಮೇಲೆ ಏನು ಮಾಡಬೇಕೆಂದಿದ್ದಾರೆ?

3. ಹಿಂದಿನ ಯತ್ನ: ಮೊದಲು ಯಾವಾಗಲಾದರೂ ಹೀಗಾಗಿತ್ತೇ? ಮನೆತನದಲ್ಲಿ ಯಾರಾದರೂ ಹೀಗೆ ತೀರಿಕೊಂಡಿದ್ದಾರೆಯೇ?

4. ಕಾಯಿಲೆ: ವಾರಗಟ್ಟಲೆ ನಿದ್ರೆ ಇಲ್ಲದಿರುವುದು, ಊಟ ರುಚಿಸದಿರುವುದು, ಹೊಲದ ಕಡೆ ಹೋಗಲು ಮನಸ್ಸಿಲ್ಲದಿರುವುದು, ‘ನಾನು ಯಾರಿಗೂ ಬೇಡ’ ಎಂಬ ಭಾವ ಇವು ಖಿನ್ನತೆ ಎಂಬ ರೋಗದ ಲಕ್ಷಣಗಳು. ಕಿವಿಯಲ್ಲಿ ‘ಸಾಯಿ’ ಎಂದು ಯಾರೋ ಹೇಳಿದಂತೆ ಕೇಳಿಸುವುದು ಇನ್ನೊಂದು ಬಗೆಯ ರೋಗ, ತುರ್ತಾಗಿ ಗಮನಿಸಬೇಕಾದದ್ದು. ಮದ್ಯದ ಚಟ, ವಾಸಿಯಾಗದ ಹೊಟ್ಟೆನೋವು, ಬೆನ್ನುನೋವುಗಳನ್ನೂ ಕೇಳುತ್ತಾರೆ.

5. ಸಂಕಟದ ಮೂಲ: ಸಾಲಗಾರರ ಕಾಟ, ಬೆಳೆ ನಷ್ಟ, ಜಮೀನಿನ ವ್ಯಾಜ್ಯ, ಮಗಳ ಮದುವೆ, ಗಂಡಹೆಂಡಿರ ಕಲಹ, ಪರೀಕ್ಷೆಯಲ್ಲಿ ನಪಾಸು. ಒಂದೇ ಕಾರಣವಿರುವುದು ವಿರಳ. ಹಲವು ಹೊರೆಗಳು ಒಮ್ಮೆಗೇ ಹೆಗಲಿಗೇರಿದಾಗ ಮನುಷ್ಯ ಕುಸಿಯುತ್ತಾನೆ.

6. ಆಸರೆ: ಮನೆಯಲ್ಲಿ ಯಾರ ಬಳಿ ಮನಸ್ಸು ಬಿಚ್ಚಿ ಮಾತನಾಡುತ್ತಾರೆ? ಯಾರಿಗಾಗಿ ಬದುಕಬೇಕೆನಿಸುತ್ತದೆ? ಈ ಪ್ರಶ್ನೆಗೆ ಬರುವ ಉತ್ತರವೇ ಮುಂದಿನ ಚಿಕಿತ್ಸೆಗೆ ಊರುಗೋಲು.

ಸೊಸೆಯಂದಿರು, ಹದಿಹರೆಯದ ಹೆಣ್ಣುಮಕ್ಕಳು ಬಂದಾಗ ಗಂಡ, ಅತ್ತೆ, ತಂದೆತಾಯಿ ಎಲ್ಲರನ್ನೂ ಹೊರಗೆ ಕಳಿಸಿ ಒಬ್ಬರನ್ನೇ ಮಾತನಾಡಿಸುವುದು ಅವಶ್ಯ. ಹೊಡೆತ, ವರದಕ್ಷಿಣೆ ಕಾಟ, ಕುಡುಕ ಗಂಡ ಮುಂತಾದ ಸಂಗತಿಗಳು ಎಲ್ಲರೆದುರು ಬಾಯಿಗೆ ಬರುವುದಿಲ್ಲ. ಹೀಗೆ ಹೊರಗೆ ಕಳಿಸಿದರೆಂದು ಮನೆಯವರು ಮುನಿಸಿಕೊಳ್ಳಬಾರದು. ಇಂಥ ಕಾಟವಿದ್ದರೆ ಮಹಿಳಾ ಸಹಾಯವಾಣಿ 181ರ ನೆರವು ಪಡೆಯಬಹುದು.

ಕೇಳಿದರೆ ಕೆಡುಕಾದೀತೇ?

‘ಸಾಯುವ ಯೋಚನೆ ಇದೆಯಾ ಎಂದು ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದಂತಾಗುತ್ತದೆ’ ಎಂದು ಅನೇಕರು ಹೆದರುತ್ತಾರೆ. ಈ ಹೆದರಿಕೆಗೆ ಆಧಾರವಿಲ್ಲ. ನೇರವಾಗಿ, ಮಮತೆಯಿಂದ ಕೇಳಿದರೆ ಹೆಚ್ಚಿನವರಿಗೆ ಎದೆಯ ಭಾರ ಇಳಿದಂತಾಗುತ್ತದೆ. ಮನೆಯವರೂ ಕೇಳಬಹುದು: ‘ಅಣ್ಣಾ, ಜೀವ ಬೇಡ ಅನ್ನಿಸ್ತಿದೆಯಾ? ನನ್ನ ಹತ್ರ ಹೇಳು, ನಾನು ಬೈಯೋದಿಲ್ಲ.’

‘ಸ್ವಲ್ಪವೇ ಕುಡಿದದ್ದು, ನಮ್ಮನ್ನು ಹೆದರಿಸಲು ಮಾಡಿದ ನಾಟಕ’ ಎನ್ನುವುದು ಇನ್ನೊಂದು ತಪ್ಪು. ಎಷ್ಟು ಕುಡಿದರು ಎಂಬುದರಿಂದ ಮನಸ್ಸಿನ ಆಳ ಅಳೆಯಲಾಗದು. ಯಾವ ಔಷಧ ಎಷ್ಟು ಅಪಾಯವೆಂಬುದು ಆ ಗಳಿಗೆಯಲ್ಲಿ ಅವರಿಗೂ ತಿಳಿದಿರುವುದಿಲ್ಲ. ಪ್ರತಿಯೊಂದು ಯತ್ನವನ್ನೂ ಗಂಭೀರವಾಗಿಯೇ ತೆಗೆದುಕೊಳ್ಳಬೇಕು.

ಮನೆಯವರು ಸತ್ಯ ಹೇಳಬೇಕು

‘ಕತ್ತಲಲ್ಲಿ ಕೆಮ್ಮಿನ ಔಷಧವೆಂದು ತಪ್ಪಾಗಿ ಕುಡಿದರು’ ಎಂದು ಬರೆಸುವವರು ಬಹಳ. ಪೊಲೀಸ್ ಕೇಸಾಗುತ್ತದೆ, ಜೈಲಾಗುತ್ತದೆ, ಮನೆಯ ಮಾನ ಹೋಗುತ್ತದೆ ಎಂಬ ಭಯ ಇದಕ್ಕೆ ಕಾರಣ. ಆಕಸ್ಮಿಕವೆಂದು ಬರೆಸಿದರೆ ಮನಸ್ಸಿನ ತಪಾಸಣೆಯೇ ತಪ್ಪಿಹೋಗುತ್ತದೆ. ರೋಗಿಯ ಗುಟ್ಟು ಉಳಿಯುತ್ತದೆ, ರೋಗವೂ ಉಳಿಯುತ್ತದೆ.

ಕಾನೂನು ಈಗ ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ ತಿಂಗಳಿಂದ ಜಾರಿಗೆ ಬಂತು. ಅದರ 115ನೇ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದು ಭಾವಿಸಬೇಕು, ಅವರನ್ನು ಶಿಕ್ಷೆಗೆ ಗುರಿಪಡಿಸಕೂಡದು, ಅವರಿಗೆ ಆರೈಕೆ ಮತ್ತು ಚಿಕಿತ್ಸೆ ಒದಗಿಸುವುದು ಸರ್ಕಾರದ ಹೊಣೆ. ಇಂಥ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಕಲಮು 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರರನ್ನು ಕರ್ತವ್ಯದಲ್ಲಿ ಒತ್ತಾಯಿಸಲು ಅಥವಾ ತಡೆಯಲು ಮಾಡುವ ಯತ್ನ ಮಾತ್ರ ಅಪರಾಧವಾಗಿ ಉಳಿದಿದೆ. ಆಸ್ಪತ್ರೆಯವರು ಠಾಣೆಗೆ ತಿಳಿಸುವುದು, ಪೊಲೀಸರು ಬಂದು ಹೇಳಿಕೆ ಬರೆದುಕೊಳ್ಳುವುದು ವಾಡಿಕೆಯ ಕ್ರಮ. ಅದಕ್ಕೆ ಹೆದರಬೇಕಾಗಿಲ್ಲ.

ವೈದ್ಯರು ಕೇಳದಿದ್ದರೂ ಮನೆಯವರು ತಾವಾಗಿ ಹೇಳಬೇಕಾದವು ಇವು: ಇತ್ತೀಚೆಗೆ ನಡತೆಯಲ್ಲಿ ಕಂಡ ಬದಲಾವಣೆ, ‘ನಾನಿಲ್ಲದಿದ್ದರೆ ನಿಮಗೆ ಸುಖ’ ಎಂಬಂಥ ಮಾತು, ಹಿಂದಿನ ಯತ್ನ, ಕುಡಿತ, ಸಾಲದ ನಿಜವಾದ ಸ್ಥಿತಿ, ಮೊದಲು ಪಡೆದ ಚಿಕಿತ್ಸೆ ಮತ್ತು ಮನೆಯಲ್ಲಿ ಇನ್ನೂ ಉಳಿದಿರುವ ಔಷಧಗಳು.

ಅಂಕ ಹಾಕಿ ಅಳೆಯಲಾಗದು

ಮಣ್ಣು ಪರೀಕ್ಷೆಯಲ್ಲಿ ರಸಸಾರ ಇಷ್ಟು, ಪೊಟ್ಯಾಷ್ ಇಷ್ಟು ಎಂದು ಬರುವಂತೆ ಸಾಯುವ ಅಪಾಯವೂ ಇಷ್ಟು ಎಂದು ಅಂಕದಲ್ಲಿ ಹೇಳಲು ಸಾಧ್ಯವೇ? ವಯಸ್ಸು, ಕುಡಿತ, ಒಂಟಿತನ ಇತ್ಯಾದಿಗಳಿಗೆ ಅಂಕ ಕೊಟ್ಟು ಕೂಡಿಸುವ ಪಟ್ಟಿಗಳನ್ನು 1980ರ ದಶಕದಿಂದ ಅನೇಕ ಕಡೆ ಬಳಸಿದರು. ಅವು ಭವಿಷ್ಯ ಹೇಳುವುದರಲ್ಲಿ ಸೋತವು. ಕಡಿಮೆ ಅಂಕ ಬಂದವರಲ್ಲೂ ಸಾವುಗಳಾದವು, ಹೆಚ್ಚು ಅಂಕ ಬಂದ ಬಹುಮಂದಿ ಸುರಕ್ಷಿತವಾಗಿ ಬಾಳಿದರು. ಆದುದರಿಂದ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಮಾರ್ಗದರ್ಶಿ ಸಂಸ್ಥೆಯು 2022ರಲ್ಲಿ, ಇಂಥ ಅಂಕಗಳನ್ನು ನೋಡಿ ಯಾರಿಗೆ ಚಿಕಿತ್ಸೆ ಕೊಡಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ತೀರ್ಮಾನಿಸಬಾರದೆಂದು ಸೂಚಿಸಿತು. ಪ್ರಶ್ನಾವಳಿ ಮಾತು ಆರಂಭಿಸಲು ನೆರವಾಗಬಹುದು. ಈ ಮನುಷ್ಯನಿಗೆ ಈಗ ಏನು ಬೇಕು ಎಂಬುದನ್ನು ಮಾತನಾಡಿಯೇ ತಿಳಿಯಬೇಕು.

ಈ ಮಾತುಕತೆಯ ಮೇಲೆ ಮುಂದಿನ ತೀರ್ಮಾನವಾಗುತ್ತದೆ. ಸಾಯುವ ಉದ್ದೇಶ ಇನ್ನೂ ಗಟ್ಟಿಯಾಗಿದ್ದರೆ, ತೀವ್ರ ಖಿನ್ನತೆ ಅಥವಾ ಬುದ್ಧಿಭ್ರಮಣೆ ಇದ್ದರೆ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದಿದ್ದರೆ ಮನೋವೈದ್ಯ ವಿಭಾಗದಲ್ಲಿ ಇರಿಸಿಕೊಳ್ಳುತ್ತಾರೆ. ಉಳಿದವರನ್ನು ಮಾತ್ರೆ, ಸಲಹೆ ಮತ್ತು ಮುಂದಿನ ಭೇಟಿಯ ದಿನಾಂಕ ಕೊಟ್ಟು ಕಳಿಸುತ್ತಾರೆ. ಖಿನ್ನತೆಯ ಮಾತ್ರೆ ಗುಣ ತೋರಿಸಲು ಕೆಲವು ವಾರ ಬೇಕು. ಎರಡು ದಿನ ನುಂಗಿ ‘ಪ್ರಯೋಜನವಿಲ್ಲ’ ಎಂದು ನಿಲ್ಲಿಸಬಾರದು. ಮಾತ್ರೆಗಳನ್ನು ಮನೆಯ ಇನ್ನೊಬ್ಬರು ಇಟ್ಟುಕೊಂಡು ದಿನದಿನದ್ದನ್ನು ಕೊಡಬೇಕು.

ಬಿಡುಗಡೆಯ ಮುನ್ನ ಒಂದು ಹಾಳೆ

ಮನೆಗೆ ಹೊರಡುವ ಮುನ್ನ ರೋಗಿಯೊಡನೆ ಕುಳಿತು ಒಂದು ಹಾಳೆಯಲ್ಲಿ ಸುರಕ್ಷತೆಯ ಯೋಜನೆ ಬರೆಯುವ ಪದ್ಧತಿ ಈಗ ಹಲವು ದೇಶಗಳಲ್ಲಿದೆ. ನಿಮ್ಮ ಆಸ್ಪತ್ರೆಯಲ್ಲಿ ಕೊಡದಿದ್ದರೆ ಕೇಳಿ ಪಡೆಯಿರಿ. ಅದರಲ್ಲಿ ರೋಗಿಯ ಮಾತಿನಲ್ಲೇ ಆರು ವಿಷಯ ಇರುತ್ತವೆ.

1. ಕೆಟ್ಟ ಯೋಚನೆ ಬರುವ ಮುನ್ನ ನನಗೆ ಕಾಣುವ ಸೂಚನೆಗಳು.
2. ಆಗ ನಾನೊಬ್ಬನೇ ಮಾಡಬಹುದಾದ ಕೆಲಸ: ದನ ಮೇಯಿಸುವುದು, ಹಾಡು ಕೇಳುವುದು, ದೇವರ ಧ್ಯಾನ.
3. ಮನಸ್ಸು ಬೇರೆ ಕಡೆ ಹರಿಯಲು ಹೋಗಬಹುದಾದ ಜಾಗ, ನೋಡಬಹುದಾದ ಜನ.
4. ಸಂಕಟ ಹೇಳಿಕೊಳ್ಳಬಹುದಾದ ಇಬ್ಬರು ಮೂವರು ಮತ್ತು ಅವರ ಫೋನ್ ನಂಬರು.
5. ಆಸ್ಪತ್ರೆ, ವೈದ್ಯರು, ಸಹಾಯವಾಣಿಯ ನಂಬರು.
6. ಮನೆಯಿಂದ ದೂರವಿಡಬೇಕಾದ ವಸ್ತುಗಳು ಮತ್ತು ಅವನ್ನು ದೂರವಿಡುವ ಹೊಣೆ ಯಾರದು.

ಅಮೆರಿಕದ ಮಾಜಿ ಸೈನಿಕರ ಐದು ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಇಂಥ ಹಾಳೆ ಬರೆಸಿ, ಆಮೇಲೆ ಫೋನಿನಲ್ಲಿ ವಿಚಾರಿಸುತ್ತ ಬಂದರು. ಮುಂದಿನ ಆರು ತಿಂಗಳಲ್ಲಿ ಆತ್ಮಹತ್ಯೆಯ ವರ್ತನೆ ಇತರ ಆಸ್ಪತ್ರೆಗಳಲ್ಲಿ 100ಕ್ಕೆ 5ಕ್ಕಿಂತ ತುಸು ಹೆಚ್ಚು ಮಂದಿಯಲ್ಲಿ ಕಂಡಿದ್ದರೆ, ಇಲ್ಲಿ 100ಕ್ಕೆ 3ರಷ್ಟು ಮಂದಿಯಲ್ಲಿ ಕಂಡಿತೆಂದು 2018ರಲ್ಲಿ ಪ್ರಕಟವಾಯಿತು.

ಔಷಧದ ಡಬ್ಬಿ ಎಲ್ಲಿರಬೇಕು?

ಸಾಯುವ ಒತ್ತಡ ಅನೇಕರಲ್ಲಿ ಗಾಳಿಮಳೆಯಂತೆ ಬಂದು ಹೋಗುವಂಥದು. ಆ ಗಳಿಗೆಯಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುವ ಸಂಭವ ಹೆಚ್ಚು. ಶ್ರೀಲಂಕೆಯಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು 1995ರಲ್ಲಿ ಮತ್ತು ಎಂಡೋಸಲ್ಫಾನನ್ನು 1998ರಲ್ಲಿ ನಿಷೇಧಿಸಿದ ಮೇಲೆ 2005ರ ಹೊತ್ತಿಗೆ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿಯಿತು. ಬೆಳೆಯ ಇಳುವರಿ ಇದರಿಂದ ಕುಗ್ಗಿದ್ದು ಕಂಡುಬರಲಿಲ್ಲ.

ಮನೆಯಲ್ಲೇ ಬೀಗದ ಪೆಟ್ಟಿಗೆ ಇಟ್ಟರೆ ಸಾಕಲ್ಲವೇ ಎಂದು ಕೇಳಬಹುದು. ಶ್ರೀಲಂಕೆಯ 180 ಹಳ್ಳಿಗಳಲ್ಲಿ ಇದನ್ನೇ ಪರೀಕ್ಷಿಸಿದರು. ಪೆಟ್ಟಿಗೆ ಕೊಟ್ಟ ಹಳ್ಳಿಗೂ ಕೊಡದ ಹಳ್ಳಿಗೂ ವ್ಯತ್ಯಾಸ ಕಾಣಲಿಲ್ಲವೆಂದು 2017ರಲ್ಲಿ ವರದಿಯಾಯಿತು. ಬೀಗದ ಕೈ ಮನೆಯಲ್ಲೇ ಇದ್ದರೆ ಬೀಗ ಇದ್ದೂ ಇಲ್ಲದಂತೆ. ತಮಿಳುನಾಡಿನ ಕಡಲೂರು ಜಿಲ್ಲೆಯ ಹಳ್ಳಿಗಳಲ್ಲಿ ಬ್ಯಾಂಕಿನ ಲಾಕರಿನ ಮಾದರಿಯಲ್ಲಿ ಊರಿಗೊಂದು ಸಾಮೂಹಿಕ ಔಷಧ ದಾಸ್ತಾನು ಮಾಡಿ ನೋಡಿದ್ದಾರೆ. ರೈತರು ಅದನ್ನು ಒಪ್ಪಿ ಬಳಸಿದರು. ನಮ್ಮ ಸಹಕಾರ ಸಂಘಗಳೂ ಇದನ್ನು ಯೋಚಿಸಬಹುದು.

ಆದ್ದರಿಂದ ರೋಗಿ ಮನೆಗೆ ಬರುವ ಮುನ್ನವೇ ಉಳಿದ ಔಷಧಗಳನ್ನೆಲ್ಲ ಬೇರೆಯವರ ವಶಕ್ಕೆ ಕೊಡಿ. ಮುಂದೆ ಸಿಂಪರಣೆ ಬೇಕಾದಾಗ ಆ ದಿನಕ್ಕೆ ಬೇಕಾದಷ್ಟನ್ನೇ ತಂದು, ಅಂದೇ ಮುಗಿಸಿ. ಸಿಂಪಡಿಸುವ ಕೆಲಸವನ್ನು ಕೆಲವು ಕಾಲ ಬೇರೊಬ್ಬರು ಮಾಡಲಿ. ಕಟ್ಟೆಯ ಮೇಲೆ, ಅಟ್ಟದಲ್ಲಿ, ಪಂಪ್‌ಸೆಟ್ ಮನೆಯಲ್ಲಿ ಅರ್ಧ ಡಬ್ಬಿ ಉಳಿಸಿಡುವ ಅಭ್ಯಾಸ ಬಿಡಬೇಕು.

ಒಂದು ಭೇಟಿಯ ಬೆಲೆ

ಆಸ್ಪತ್ರೆಯಿಂದ ಹೋದವರನ್ನು ಮರೆಯದೆ ವಿಚಾರಿಸುವುದಷ್ಟರಿಂದ ಏನಾದೀತು ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯು ಚೆನ್ನೈ, ಕೊಲಂಬೊ ಸೇರಿದಂತೆ ಐದು ದೇಶಗಳ ಐದು ಕಡೆ 1,867 ಮಂದಿಯಲ್ಲಿ ಪರೀಕ್ಷಿಸಿತು. ಒಂದು ಗುಂಪಿಗೆ ವಾಡಿಕೆಯ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜೊತೆ ಬಿಡುಗಡೆಯ ವೇಳೆ ಒಂದು ಗಂಟೆ ತಿಳುವಳಿಕೆಯ ಮಾತು, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಭೇಟಿ. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೊದಲ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು 1,000ಕ್ಕೆ 22. ಎರಡನೆಯ ಗುಂಪಿನಲ್ಲಿ 1,000ಕ್ಕೆ 2. ಇದಕ್ಕೆ ಬೇಕಾದದ್ದು ದುಬಾರಿ ಯಂತ್ರವಲ್ಲ, ತಪ್ಪದೆ ವಿಚಾರಿಸುವ ಮನುಷ್ಯರು.

ಈ ಕೆಲಸ ಊರಿನಲ್ಲೂ ಆಗಬಹುದು. ಆಶಾ ಕಾರ್ಯಕರ್ತೆ ಬಂದು ಮಾತನಾಡಿಸಿದರೆ ಒಳ್ಳೆಯದು. ಬಂಧುಗಳು ಬಂದಾಗ ‘ಹೆಂಡತಿ ಮಕ್ಕಳನ್ನು ನೆನಸಲಿಲ್ಲವೇ?’ ಎಂದು ಚುಚ್ಚಬಾರದು. ‘ಬಾ ಮಾವ, ಸಂತೆಗೆ ಹೋಗಿಬರೋಣ’ ಎಂದು ಕರೆದರೆ ಸಾಕು. ಸಾಲದ ಮಾತು ಬಂದರೆ, ಬ್ಯಾಂಕಿಗೆ ಅಥವಾ ಸಂಘಕ್ಕೆ ಜೊತೆಯಲ್ಲಿ ಹೋಗಿ ಕಂತಿನ ವಿಷಯ ಮಾತನಾಡುವವರೊಬ್ಬರು ಬೇಕು. ವೈದ್ಯರು ಹೇಳಿದ ದಿನ ತಪ್ಪದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನವನ್ನು ಅಲ್ಲಿಯೇ ವಿಚಾರಿಸಿಕೊಳ್ಳಿ.

ನೆನಪಿಡಿ

* ವಿಷ ಸೇವನೆಯಾದರೆ 108. ವಾಂತಿ ಮಾಡಿಸಬೇಡಿ, ಡಬ್ಬಿ ಒಯ್ಯಿರಿ.
* ನಡೆದದ್ದನ್ನು ವೈದ್ಯರಿಗೆ ಇದ್ದಂತೆ ಹೇಳಿ.
* ಮನಸ್ಸಿನ ತಪಾಸಣೆಯಾಗದೆ ಬಿಡಿಸಿಕೊಂಡು ಹೋಗಬೇಡಿ.
* ರೋಗಿ ಬರುವ ಮುನ್ನ ಮನೆಯಿಂದ ಔಷಧ ತೆಗೆಯಿರಿ.
* ಮೊದಲ ಕೆಲವು ತಿಂಗಳು ಒಂಟಿಯಾಗಿ ಬಿಡದೆ ವಿಚಾರಿಸುತ್ತಿರಿ.
* ಸಾಯುವ ಯೋಚನೆ ಬಂದವರು, ಅವರ ಮನೆಯವರು ಯಾವ ಹೊತ್ತಿನಲ್ಲಾದರೂ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೇ ಮಾತನಾಡಬಹುದು.